ಕೈ ಎತ್ತಿದ ಪುಟ

ಹಡಗುಕಟ್ಟೆಯಲ್ಲಿ ಕ್ರೇನಿನ ಕೊಕ್ಕೆ ಜಾರಿ ಉಕ್ಕಿನ ಹಲಗೆಯೊಂದು ಕಿಡಿಯ ಎಡಗಾಲಿನ ಮೇಲೆ ಬಿತ್ತು. ಬೂಟಿನ ಮೂತಿಯಲ್ಲಿದ್ದ ಕಬ್ಬಿಣದ ಟೊಪ್ಪಿ ಒಳಕ್ಕೆ ಮಡಚಿಕೊಂಡು ಎರಡು ಬೆರಳುಗಳನ್ನು ಕಚ್ಚಿ ಹಿಡಿಯಿತು. ಬೂಟು ಬಿಚ್ಚಲು ಬರಲಿಲ್ಲ, ಕೊಯ್ದೇ ತೆಗೆಯಬೇಕಾಯಿತು. ಕೊಯ್ಯುತ್ತಿದ್ದ ಜೊತೆಗಾರ ರಕ್ತ ನೋಡಲಾರದೆ ಮುಖ ಆಚೆ ತಿರುಗಿಸಿದ್ದ. "ಈ ಕಡೆ ನೋಡ್ಕೊಂಡು ಕೊಯ್ಯೋ ಮಾರಾಯ, ಉಳಿದಿರೋ ಮೂರಾದ್ರೂ ನನ್ನ ಹತ್ರ ಇರ್ಲಿ," ಎಂದು ಬೈದವಳು ಕಿಡಿಯೇ. ಆಮೇಲೆ ಪ್ರಜ್ಞೆ ತಪ್ಪಿದವನು ಅವನು, ಅವಳಲ್ಲ.

ಕಿಡಿ ಎಂಬುದು ಚಿಕ್ಕಂದಿನಲ್ಲಿ ಅಣ್ಣ ಇಟ್ಟ ಹೆಸರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳೆಂದು ಹಾಗೆ ಕರೆದಿದ್ದ. ಮುಂದೆ ಅವಳು ವೆಲ್ಡಿಂಗ್ ಕಲಿತು, ಮುಖಕ್ಕೆ ಕಪ್ಪು ಗಾಜು ಹಿಡಿದು ಹಡಗುಗಳ ಹೊಟ್ಟೆ ಬೆಸೆಯುವ ಕೆಲಸಕ್ಕೆ ಸೇರಿದಾಗ, ಹೆಸರೇ ಹೋಗಿ ಕೆಲಸ ಹುಡುಕಿಕೊಂಡು ಬಂತು ಎಂದು ನಕ್ಕವನೂ ಅವನೇ. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಅಲೆಯುತ್ತ ಎಷ್ಟೋ ವರ್ಷ ಅವಳು ಮನೆ ಕಡೆ ತಲೆ ಹಾಕಿರಲಿಲ್ಲ. ಈಗ ಕಾಲಿಗೆ ಕಟ್ಟು ಬಿಗಿಸಿಕೊಂಡು, ಕಂಕುಳಿಗೆ ಊರುಗೋಲು ಸಿಕ್ಕಿಸಿಕೊಂಡು ಅಣ್ಣನ ಬಾಗಿಲಿಗೆ ಬಂದಳು.

ಅಣ್ಣ ಕಟುಕ. ಕೆಳಗೆ ಮಾಂಸದ ಅಂಗಡಿ, ಮೇಲೆ ಮನೆ. ಬೆಳಿಗ್ಗೆ ಮರದ ದಿಮ್ಮಿಯ ಮೇಲೆ ಮಚ್ಚು ಬೀಳತೊಡಗಿದರೆ ಮೇಲಿನ ಮಂಚ ಅದುರುತ್ತಿತ್ತು. ಆಳು ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಬೀದಿಯಲ್ಲಿ ಜಗಳವಾದರೆ ಬಿಡಿಸಲು ಪೊಲೀಸರಿಗಿಂತ ಮೊದಲು ಅವನನ್ನು ಕರೆಯುತ್ತಿದ್ದರು. ಎಷ್ಟೋ ಸಲ ಬಿಡಿಸಲು ಹೋದವನೇ ಹೆಚ್ಚು ಹೊಡೆದು ಬರುತ್ತಿದ್ದ. ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ರಕ್ತದ ಕಲೆಯನ್ನು ತಣ್ಣೀರಲ್ಲಿ ತೆಗೆಯಬೇಕು, ಬಿಸಿನೀರು ಸೋಕಿದರೆ ಅದು ಬಟ್ಟೆಗೆ ಹುಟ್ಟುಮಚ್ಚೆಯಾಗುತ್ತದೆ ಎನ್ನುತ್ತಿದ್ದಳು. ಮನೆಯಲ್ಲಿ ಗಂಡ ಕೊಳೆ ಮಾಡುತ್ತಾನೆ, ಕೆಲಸದಲ್ಲಿ ಊರು ಕೊಳೆ ಮಾಡುತ್ತದೆ ಎಂಬುದು ಅವಳ ಹಳೆಯ ತಮಾಷೆ. ಇಬ್ಬರಿಗೂ ಮಕ್ಕಳಿರಲಿಲ್ಲ.

"ಡಾಕ್ಟ್ರು ಹೇಳೋವರೆಗೂ ಕಾಲು ಕೆಳಗಿಡಬಾರದಂತೆ," ಎಂದಳು ಕಿಡಿ. "ಅಲ್ಲೀವರೆಗೆ ಏನ್ಮಾಡ್ಲಿ ಅಣ್ಣ, ನಿನ್ನ ಗೋಡೆ ನೋಡ್ಕೊಂಡು ಕೂತಿರ್ಲಾ?"

ಅಣ್ಣ ಕೆಳಗಿಳಿದು ಹೋದ. ಮಾಂಸ ತರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಹೊತ್ತು ತಂದು ಅವಳ ಮಂಚದ ಪಕ್ಕದಲ್ಲಿ ದೊಪ್ಪೆಂದು ಇಟ್ಟ. ತುಂಬ ಕಾಮಿಕ್ಸು. ಅವಳು ಊರು ಬಿಟ್ಟ ಮೇಲೆ ಬಂದ 'ಮರುಪೆಟ್ಟು' ಸಂಚಿಕೆಗಳು, ಒಂದೂ ತಪ್ಪದೆ.

"ಎಲ್ಲಾನೂ ತಗೊಂಡಿದೀಯಾ?"

"ಕೊನೇ ವರ್ಷದ್ದು ಎರಡೆರಡು ತಗೊಂಡೆ. ಓದೋಕೆ ಒಂದು, ಸುಡೋಕೆ ಒಂದು," ಎಂದ ಅಣ್ಣ. ನಗಲಿಲ್ಲ.

ಮರುಪೆಟ್ಟು ಯಾರೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಅವನೊಬ್ಬ ಗಣಿ ಕೆಲಸಗಾರ. ಗಣಿ ಕುಸಿದು ಬಂಡೆಗಳಡಿ ಸಿಕ್ಕವನು ಸಾಯಲಿಲ್ಲ. ಮೈಮೇಲೆ ಬಿದ್ದ ಒಂದೊಂದು ಕಲ್ಲೂ ಅವನೊಳಗೆ ಶಕ್ತಿಯಾಗಿ ಕೂತಿತು. ಅಂದಿನಿಂದ ಅವನಿಗೆ ಬಿದ್ದ ಏಟು ವ್ಯರ್ಥವಾಗುವುದಿಲ್ಲ. ಗುದ್ದು, ಗುಂಡು, ಲಾರಿ, ಏನೇ ಬಡಿಯಲಿ, ಒಳಗೆ ಜಮೆಯಾಗುತ್ತದೆ. ಕೊನೆಗೆ ಎಲ್ಲವನ್ನೂ ಸೇರಿಸಿ ಒಂದೇ ಒಂದು ಏಟು ತಿರುಗಿಸಿ ಕೊಡುತ್ತಾನೆ, ಖಳನಾಯಕ ಮೂರು ಗೋಡೆ ತೂರಿಕೊಂಡು ಹೋಗಿ ಬೀಳುತ್ತಾನೆ. ಅದಕ್ಕೆ ಮೊದಲು ಬಾಯಿಯ ರಕ್ತ ಒರೆಸಿಕೊಂಡು ಅವನು ಹೇಳುವ ಮಾತು ಒಂದೇ: "ಇನ್ನೊಂದು ಕೊಡು."

ಅಣ್ಣತಂಗಿ ಇಬ್ಬರೂ ಅಕ್ಷರ ಕಲಿತದ್ದು ಆ ಪುಸ್ತಕಗಳಲ್ಲಿ. ಅವರ ಅಪ್ಪ ದೋಣಿಗಳ ಎಂಜಿನ್ ಮೆಕ್ಯಾನಿಕ್. ಸವೆದ ಎಂಜಿನ್ ಬೆಲ್ಟೊಂದು ಬಾಗಿಲ ಹಿಂದಿನ ಮೊಳೆಗೆ ಸದಾ ತೂಗುತ್ತಿತ್ತು. ಅಪ್ಪನಿಗೆ ಕುಡಿತವಿರಲಿಲ್ಲ, ಜೂಜಿರಲಿಲ್ಲ. ಊರೆಲ್ಲ ದೇವರಂಥ ಮನುಷ್ಯ ಅನ್ನುತ್ತಿತ್ತು. ಮನೆಗೆ ಬಂದು ಕೈತೊಳೆದು ಬೆಲ್ಟು ತೆಗೆದುಕೊಳ್ಳುತ್ತಿದ್ದ, ಅಷ್ಟೇ. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ನಲ್ಲಿಯನ್ನು ಪೂರ್ತಿ ತಿರುಗಿಸುತ್ತಿದ್ದಳು, ಸದ್ದು ಕೇಳದಿರಲೆಂದು. ಅಣ್ಣ ಕಿಡಿಯನ್ನು ಮೂಲೆಗೆ ತಳ್ಳಿ ಅವಳ ಮೇಲೆ ಕವುಚಿ ಬೀಳುತ್ತಿದ್ದ. ಬೆನ್ನ ಮೇಲೆ ಬೆಲ್ಟು ಬಿದ್ದಾಗಲೆಲ್ಲ ಅವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ: "ಇನ್ನೊಂದು ಕೊಡು. ಇನ್ನೊಂದು ಕೊಡು." ಒಳಗೆ ಶಕ್ತಿ ಸೇರುತ್ತಿದೆಯೆಂದು ಇಬ್ಬರೂ ನಂಬಿದ್ದರು. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಅಣ್ಣನ ಬೆನ್ನಿನ ಮೇಲೆ ಮಾತ್ರ ಗೆರೆಗಳು ಹಾಗೇ ಇದ್ದವು.

ಕಿಡಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಧ್ಯಾಹ್ನಗಳನ್ನೆಲ್ಲ ಓದಿಗೆ ಕೊಟ್ಟಳು. ಹಿಂದಿನ ವರ್ಷಗಳದ್ದು ಹಳೆಯ ಬರಹಗಾರನ ಕಥೆಗಳು. ಸೇತುವೆ ಮುರಿಯುವುದು, ರೈಲು ಎತ್ತುವುದು, ಹಲ್ಲುಗಳು ಮುತ್ತಿನಂತೆ ಚೆಲ್ಲುವುದು. ಅವಳು ಕಡಲೆ ತಿಂದಂತೆ ತಿಂದು ಮುಗಿಸಿದಳು. ಆಮೇಲೆ ಹೊಸ ಬರಹಗಾರ ಬಂದ. ಅವನ ಹೆಸರೆತ್ತಿದರೆ ಅಭಿಮಾನಿಗಳು ಕ್ಯಾಕರಿಸಿ ಉಗಿಯುತ್ತಿದ್ದರು.

ಅವನ ಮೊದಲ ಸಂಚಿಕೆಯಲ್ಲಿ ಮರುಪೆಟ್ಟು ಕಳ್ಳಸಾಗಣೆಯವನೊಬ್ಬನ ದವಡೆಗೆ ಗುದ್ದುತ್ತಾನೆ. ಹಳೆಯ ಕಥೆಯಾಗಿದ್ದರೆ ಕಳ್ಳ ಹಾರಿ ಬಿದ್ದು ಪುಟ ಮುಗಿಯುತ್ತಿತ್ತು. ಈ ಬರಹಗಾರ ಕಳ್ಳನ ಹಿಂದೆಯೇ ಆಸ್ಪತ್ರೆಗೆ ಹೋದ. ದವಡೆಗೆ ತಂತಿ ಕಟ್ಟಿ, ಕೊಳವೆಯಲ್ಲಿ ಗಂಜಿ ಹೀರಿಸಿ, ಮಗಳ ಹೆಸರು ಉಚ್ಚರಿಸಲಾಗದೆ ಅವನು ಗೋಡೆಗೆ ತಲೆ ಚಚ್ಚಿಕೊಳ್ಳುವವರೆಗೂ ಬರೆದ. ಬರವಣಿಗೆ ಅಂಥ ಚೆಂದವೇನೂ ಇರಲಿಲ್ಲ. ಪಾತ್ರಗಳ ಬಾಯಿಂದ ಹೊರಟ ಮಾತಿನ ಗುಳ್ಳೆಗಳು ಅರ್ಧ ಪುಟ ನುಂಗುತ್ತಿದ್ದವು. ನಗಿಸಲು ಹೋದ ಕಡೆಯೆಲ್ಲ ಕಿಡಿಗೆ ಆಕಳಿಕೆ ಬಂತು. ಒಂದು ಸಂಚಿಕೆಯನ್ನಂತೂ ನಡುವೆಯೇ ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೋದಳು.

ಆದರೆ ಅದರ ಮುಂದಿನ ಸಂಚಿಕೆ ಅವಳನ್ನು ಎಬ್ಬಿಸಿ ಕೂರಿಸಿತು. ಮರುಪೆಟ್ಟು ಊರನ್ನು ಉಳಿಸಿ ಮನೆಗೆ ಬರುತ್ತಾನೆ. ಕೈತೊಳೆಯುತ್ತಾನೆ. ಮೇಜಿನ ಮೇಲಿನ ನೀರಿನ ಲೋಟವನ್ನು ಮಗಳು ತಟ್ಟಿ ಚೆಲ್ಲುತ್ತಾಳೆ. ಅವನ ಕೈ ಮೇಲೇಳುತ್ತದೆ. ಇಡೀ ಪುಟಕ್ಕೆ ಒಂದೇ ಚಿತ್ರ: ಎತ್ತಿದ ಕೈ, ಕೆಳಗೆ ಪುಟ್ಟ ಹುಡುಗಿ. ಹುಡುಗಿ ಅಳುತ್ತಿಲ್ಲ. ಬಲ ಮೊಣಕೈಯನ್ನು ಕಿವಿಯ ಮೇಲೆ ತಂದು, ಅಂಗೈಯಿಂದ ನೆತ್ತಿಯ ಹಿಂಭಾಗ ಮುಚ್ಚಿಕೊಂಡಿದ್ದಾಳೆ. ಹಾಗೆ ಮುಚ್ಚಿಕೊಂಡರೆ ಕಿವಿಯೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಅದನ್ನು ತಿಳಿದವರಿಗೆ ಬೆಲ್ಟು ಗೊತ್ತಿರುತ್ತದೆ. ಆ ಹುಡುಗಿಗೆ ಅದು ಮೊದಲ ಸಲವಲ್ಲ ಎಂಬುದು ಆ ಮೊಣಕೈಯಲ್ಲೇ ಇತ್ತು.

ಊಟಕ್ಕೆ ಕೂತಾಗ ಕಿಡಿ ಮಾತೆತ್ತಿದಳು. "ಅಣ್ಣ, ಕೈ ಎತ್ತಿದ ಪುಟ ನೋಡಿದೆ."

ಅಣ್ಣ ಮೂಳೆ ಚೀಪುವುದನ್ನು ನಿಲ್ಲಿಸಿದ. "ನೋಡಿದ್ಯಾ? ಹಾಳು ಮಾಡಿದ ನೋಡು ನಮ್ಮವನನ್ನ. ಹೊರಗೆ ಊರು ಕಾಯೋನು ಮನೇಲಿ ಕೂಸಿಗೆ ಕೈ ಎತ್ತುತಾನಾ?"

"ಎತ್ತುತಾನೆ. ನಿನಗೆ ಗೊತ್ತಿಲ್ವಾ?"

"ಅವನು ಮರುಪೆಟ್ಟು ಕಣೇ. ತಿಂದ ಏಟನ್ನ ಕೆಟ್ಟವರಿಗೆ ಕೊಡೋನು. ಕೂಸಿಗಲ್ಲ."

"ಅಷ್ಟೊಂದು ಏಟು ತಿಂದೋನು ಎಲ್ಲಾನೂ ಸರಿಯಾದ ವಿಳಾಸಕ್ಕೇ ಮುಟ್ಟಿಸ್ತಾನೆ ಅಂತ ಏನು ಗ್ಯಾರಂಟಿ?" ಎಂದಳು ಕಿಡಿ. "ಆ ಬರಹಗಾರನಿಗೆ ಮಾತು ಬರಲ್ಲ, ಒಪ್ತೀನಿ. ನಗಿಸೋಕಂತೂ ಬರೋದೇ ಇಲ್ಲ. ಆದ್ರೆ ಆ ಒಂದು ಪುಟ ಸುಳ್ಳಲ್ಲ."

ಅಣ್ಣ ಮಾಂಸ ಕೊಯ್ಯಲು ಇಟ್ಟಿದ್ದ ಚೂರಿಯನ್ನು ಎತ್ತಿ ಮೇಜಿಗೆ ಚುಚ್ಚಿದ. ಹಿಡಿಯವರೆಗೂ ಅದು ನಡುಗಿತು. "ಆ ಪುಟ ಬರೆದ ಕೈ ನನಗೆ ಸಿಕ್ಕಿದ್ರೆ ದಿಮ್ಮಿ ಮೇಲೆ ಇಟ್ಟು ಕತ್ತರಿಸ್ತೀನಿ."

"ಕಾಗದದ ಗಂಡಸಿಗೋಸ್ಕರ ನನ್ನ ಮೇಜು ಯಾಕ್ರೀ ಹಾಳು ಮಾಡ್ತೀರಿ," ಎಂದು ಅತ್ತಿಗೆ ಚೂರಿ ಕಿತ್ತು ತೊಳೆಯಲು ಒಯ್ದಳು. "ಇಬ್ಬರಿಗೂ ವಯಸ್ಸು ಮಾತ್ರ ಆಗಿದೆ."

ಎರಡು ಬೀದಿ ಆಚೆ ಹಳೆ ಪುಸ್ತಕದ ಅಂಗಡಿಯೊಂದಿತ್ತು. ಅದನ್ನು ನಡೆಸುವ ಮುದುಕನನ್ನು ಎಲ್ಲರೂ ಕನ್ನಡಕದಜ್ಜ ಅನ್ನುತ್ತಿದ್ದರು. ಅಣ್ಣತಂಗಿ ಚಿಕ್ಕವರಿದ್ದಾಗ ಅಲ್ಲೇ ನೆಲದ ಮೇಲೆ ಕೂತು ಪುಕ್ಕಟೆ ಓದಿ ಬರುತ್ತಿದ್ದರು. ಆ ಅಜ್ಜನಿಗೆ ಏನು ಹುಚ್ಚು ಹಿಡಿಯಿತೋ, ಊರೆಲ್ಲ ದ್ವೇಷಿಸುವ ಆ ಬರಹಗಾರನನ್ನೇ ಭಾನುವಾರ ಬೆಳಿಗ್ಗೆ ಅಂಗಡಿಗೆ ಕರೆಸಿದ, ಓದುಗರಿಗೆ ಪುಸ್ತಕದ ಮೇಲೆ ಸಹಿ ಹಾಕಿಕೊಡಲಿ ಎಂದು. ಸುದ್ದಿ ಕೇಳಿ ಕಿಡಿ ಊರುಗೋಲು ಎತ್ತಿಕೊಂಡಳು. ಆ ಮೊಣಕೈ ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕಿತ್ತು ಅವಳಿಗೆ, ಬೇರೇನಲ್ಲ.

ಅಂಗಡಿ ಇಕ್ಕಟ್ಟು. ಎರಡೂ ಕಡೆ ಕಬ್ಬಿಣದ ಕಪಾಟು, ನಡುವೆ ಒಬ್ಬರು ನಡೆಯುವಷ್ಟು ದಾರಿ, ಕೊನೆಯಲ್ಲಿ ಒಂದು ಮೇಜು. ಮೇಜಿನ ಹಿಂದೆ ಬರಹಗಾರ ಕೂತಿದ್ದ. ಬೋಳುತಲೆ, ಬಡಕಲು ಕುತ್ತಿಗೆ, ಅದಕ್ಕೆ ಸುತ್ತಿದ ಹಸಿರು ಮಫ್ಲರ್. ಬಂದಿದ್ದವರು ಬೆರಳೆಣಿಕೆಯ ಜನ. ಅವನ ಮುಂದಿದ್ದ ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಕಿಡಿ ಮೇಜಿನ ಹತ್ತಿರ ಮುಟ್ಟುವ ಮೊದಲೇ ಹೊರಗೆ ಗದ್ದಲ ಕೇಳಿಸಿತು. ಮರುಪೆಟ್ಟು ಅಭಿಮಾನಿ ಬಳಗದವರು ಬಂದಿದ್ದರು, ಮಣಿಕಟ್ಟಿಗೆ ಅವನಂತೆಯೇ ಕೆಂಪು ಪಟ್ಟಿ ಕಟ್ಟಿಕೊಂಡು. ಮುಂದೆ ಅಣ್ಣ. ಮೈಮೇಲೆ ಅಂಗಡಿಯ ಏಪ್ರನ್ ಇನ್ನೂ ಇತ್ತು. ಹೊಸ್ತಿಲ ಮುಂದೆ ಸಂಚಿಕೆಗಳನ್ನು ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟರು. ಹೊಗೆ ಒಳಗೆ ನುಗ್ಗಿತು. ಕನ್ನಡಕದಜ್ಜ ಬಕೆಟ್ ನೀರು ಹಿಡಿದು ಬಾಗಿಲಿಗೆ ಹೋದ. ಯಾರೋ ಎಸೆದ ಕಲ್ಲಿಗೆ ಗಾಜಿನ ಬಾಗಿಲು ಪುಡಿಯಾಗಿ ಅವನ ಹಣೆಯ ಮೇಲೆ ಸುರಿಯಿತು. ಅಜ್ಜ ಬಕೆಟ್ ಸಮೇತ ಕೂತುಬಿಟ್ಟ. ನೀರು ಕೆಂಪಾಗಿ ಹೊಸ್ತಿಲ ಆಚೆ ಹರಿಯಿತು.

ರಕ್ತ ಕಂಡ ಗುಂಪಿಗೆ ನಾಚಿಕೆಯಾಗುವುದು ಅಪರೂಪ. ಈ ಗುಂಪಿಗೂ ಆಗಲಿಲ್ಲ. ಗಡ್ಡದ ಟ್ಯಾಕ್ಸಿ ಡ್ರೈವರ್ ಒಬ್ಬ ಒಳಗೆ ನುಗ್ಗಿ, ಅಡ್ಡ ಬಂದ ಓದುಗನೊಬ್ಬನ ಮುಖವನ್ನು ಕಪಾಟಿನ ಅಂಚಿಗೆ ಬಡಿದು, ಬರಹಗಾರನ ಮಫ್ಲರ್ ಹಿಡಿದು ಮೇಜಿನ ಮೇಲೆಯೇ ಎಳೆದುಹಾಕಿದ. ಪುಟ ಹರಿದು ಉಂಡೆ ಮಾಡಿ ಅವನ ಬಾಯಿಗೆ ತುರುಕತೊಡಗಿದ.

"ತಿನ್ನು. ನೀನು ಬರೆದಿದ್ದು ನೀನೇ ತಿನ್ನು."

ಬರಹಗಾರ ಕೆಮ್ಮಿದ, ಕಾಲು ಒದರಿದ. ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಮಫ್ಲರ್ ಬಿಗಿಯುತ್ತಲೇ ಹೋಯಿತು. ಇದು ಹೆದರಿಸುವುದಲ್ಲ, ಈ ಮನುಷ್ಯ ಈಗ ಸಾಯುತ್ತಾನೆ ಎಂದು ಕಿಡಿಗೆ ಹೊಳೆಯಿತು. ಅವಳು ಕಪಾಟಿಗೆ ಬೆನ್ನು ಕೊಟ್ಟು, ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಡ್ರೈವರನ ಮೊಣಕಾಲ ಚಿಪ್ಪಿಗೆ ಬೀಸಿದಳು. ಅವನು ಕುಸಿದ. ಎರಡನೆಯದು ಕಿವಿಯ ಹಿಂದೆ ಬಿತ್ತು. ಹಿಂದಿನಿಂದ ಯಾರೋ ಅವಳ ಕೂದಲು ಹಿಡಿದರು. ಅವಳು ತಲೆ ಹಿಂದಕ್ಕೆ ಒಗೆದಳು, ನೆತ್ತಿಗೆ ಒಂದು ಮೂಗು ಪುಡಿಯಾದದ್ದು ಗೊತ್ತಾಯಿತು. ಕಪಾಟು ವಾಲಿ ಪುಸ್ತಕಗಳು ಎಲ್ಲರ ತಲೆಯ ಮೇಲೆ ಸುರಿದವು. ಕಟ್ಟು ಹಾಕಿದ ಕಾಲನ್ನು ಯಾರೋ ತುಳಿದರು. ಅವಳ ಬಾಯಿಂದ ಬಂದ ಕೂಗು ಅವಳದೇ ಅನ್ನಿಸಲಿಲ್ಲ. ಆದರೂ ಅವಳು ಮೇಜಿನ ಮುಂದಿನಿಂದ ಸರಿಯಲಿಲ್ಲ. ಹಿಂದೆ ಬರಹಗಾರ ಕಾಗದದ ಮುದ್ದೆ ಕಾರಿಕೊಳ್ಳುತ್ತಿದ್ದ.

"ಅವಳನ್ನ ಬಿಡ್ರೋ. ಅವಳು ನನ್ನ ತಂಗಿ," ಎಂದು ಅಣ್ಣ ಜನರನ್ನು ಆಚೀಚೆ ತಳ್ಳುತ್ತ ಬಂದ. "ಕಿಡಿ, ಆಚೆ ಬಾ."

"ಬರಲ್ಲ."

"ಅವನು ನಿನಗೇನಾಗಬೇಕು?"

"ಏನೂ ಆಗಬೇಕಿಲ್ಲ. ನಿನಗೆ ಅವನ ಮೇಲೆ ಸಿಟ್ಟಿಲ್ಲ ಅಣ್ಣ. ಆ ಪುಟದಲ್ಲಿ ಇರೋದು ನಮ್ಮಪ್ಪ. ಅಪ್ಪನಿಗೆ ಒಂದಿನಾನೂ ಹೊಡೀಲಿಲ್ಲ ನೀನು. ಈ ಬಡಪಾಯೀನ ಹೊಡೀತೀಯಾ?"

ಅಣ್ಣನ ಮುಖ ಬಿಳುಚಿತು. ಅವನ ಮುಷ್ಟಿ ಬಂದದ್ದು ಅವಳಿಗೆ ಕಾಣಲೇ ಇಲ್ಲ. ಮುಂದಿನ ಹಲ್ಲೊಂದು ಗಂಟಲಿಗೆ ಹೋಗಿ, ಕೆಮ್ಮಿದಾಗ ಅಂಗೈಗೆ ಬಂತು. ಬಾಯಿ ತುಂಬ ಬಿಸಿ. ಅಣ್ಣ ಜೀವಮಾನದಲ್ಲಿ ಅವಳನ್ನು ಹೊಡೆದದ್ದು ಅದೇ ಮೊದಲು. ಅವನ ಕೈ ಮತ್ತೆ ಮೇಲೇರಿತು. ಕಿಡಿಯ ಮೊಣಕೈ ತಾನಾಗಿ ಕಿವಿಯ ಮೇಲೆ ಬಂತು, ಅಂಗೈ ನೆತ್ತಿಯ ಹಿಂದಕ್ಕೆ ಹೋಯಿತು.

ಏಟು ಬೀಳಲಿಲ್ಲ. ಅವಳು ಮೊಣಕೈ ಸಂದಿಯಿಂದ ನೋಡಿದಳು. ಅಣ್ಣನ ಕೈ ಗಾಳಿಯಲ್ಲೇ ನಿಂತಿತ್ತು. ಅವನು ಅವಳನ್ನೇ ನೋಡುತ್ತಿದ್ದ, ಬಾಯಿ ತೆರೆದುಕೊಂಡು, ದಾರಿ ತಪ್ಪಿದ ಎತ್ತಿನ ಹಾಗೆ.

ಆ ನಿಂತ ಕೈಗೇ ಕಿಡಿ ಊರುಗೋಲು ಬೀಸಿದಳು. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ಹಸಿ ಸೌದೆ ಮುರಿದಂಥ ಸದ್ದಾಯಿತು. ಅಣ್ಣನ ಮುಂಗೈ ನಡುವೆ ಮಡಚಿ ಜೋತುಬಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಪೊಲೀಸ್ ವ್ಯಾನಿನ ಸದ್ದು ಕೇಳಿ, ಮರುಪೆಟ್ಟುವಿನ ಶೂರರೆಲ್ಲ ಬಾಲ ಸುಟ್ಟ ಬೆಕ್ಕಿನಂತೆ ಸಂದಿಗೊಂದಿ ಸೇರಿದರು.

ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಎಲ್ಲರನ್ನೂ ಕೂರಿಸಿದ್ದರು. ಕನ್ನಡಕದಜ್ಜನ ಹಣೆಗೆ ಹೊಲಿಗೆ ಬೀಳುತ್ತಿತ್ತು. ಹೊಲಿಯುವ ನರ್ಸಿಗೆ ಅವನು ಯಾವುದೋ ಪುಸ್ತಕ ಕೊಳ್ಳಿಸಲು ನೋಡುತ್ತಿದ್ದ. ಬರಹಗಾರ ಮಫ್ಲರಿನ ಹರಿದ ಅಂಚನ್ನು ಮಡಿಲಲ್ಲಿಟ್ಟುಕೊಂಡು ಜೋಡಿಸಿ ನೋಡುತ್ತಿದ್ದ.

"ಇದು ನನ್ನ ಅಕ್ಕ ಹೆಣೆದದ್ದು," ಎಂದ ಕಿಡಿಗೆ. ಗಂಟಲು ಕೀರಲಾಗಿತ್ತು. "ಮುಂಚೆನೇ ಹೊಡೀಬಹುದಿತ್ತು ನೀವು, ಇದು ಹರಿಯೋಕೆ ಮುಂಚೆ."

ಕಿಡಿಗೆ ಸಿಟ್ಟೂ ಬಂತು, ನಗುವೂ ಬಂತು. ಹಲ್ಲು ಹೋದ ಜಾಗದಲ್ಲಿ ಹತ್ತಿ ತುರುಕಿದ್ದರಿಂದ ಎರಡೂ ಆಗಲಿಲ್ಲ. "ಒಂದು ಕೇಳಬೇಕಿತ್ತು," ಎಂದಳು. "ಆ ಹುಡುಗಿ ಮೊಣಕೈ. ಅದು ನಿಮಗೆ ಹೇಗೆ ಗೊತ್ತಾಯ್ತು?"

"ಯಾವ ಮೊಣಕೈ?"

ಅವಳು ಮಾಡಿ ತೋರಿಸಿದಳು.

"ಓ, ಅದಾ. ಅದು ನನ್ನದಲ್ಲ. ಹುಡುಗಿ ಹೆದರುತ್ತಾಳೆ ಅಂತ ಮಾತ್ರ ಬರೆದಿದ್ದೆ. ಚಿತ್ರ ಬರೆಯೋಳು ತಾನಾಗೇ ಹಾಕಿದ್ಲು. ಯಾಕೆ ಅಂತ ನಾನೂ ಕೇಳ್ಲಿಲ್ಲ."

ಹಲ್ಲು ಕೊಟ್ಟದ್ದು ಇವನಿಗೋಸ್ಕರ, ಕೊಡಬೇಕಿದ್ದದ್ದು ಆ ಚಿತ್ರದವಳಿಗೋಸ್ಕರ ಅನ್ನಿಸಿತು ಕಿಡಿಗೆ. "ಆದ್ರೆ ಮರುಪೆಟ್ಟು ಕೈ ಎತ್ತೋ ಹಾಗೆ ಬರೆದಿದ್ದು ನೀವೇ ತಾನೇ?" ಎಂದಳು.

"ಅದು ನಾನೇ. ಬೇಡ ಅಂತ ಕಂಪನಿಯವರು ಎಷ್ಟೋ ಸಲ ಹೇಳಿದ್ರು."

"ಸಾಕು ಬಿಡಿ," ಎಂದಳು. ಅವನೂ ಅಷ್ಟಕ್ಕೇ ತೃಪ್ತನಾದಂತೆ ಮಫ್ಲರಿಗೆ ಮರಳಿದ.

ಪೊಲೀಸಿನವನು ಬಂದು ಕೇಳಿದಾಗ, ಮೆಟ್ಟಿಲಿಂದ ಬಿದ್ದೆ ಎಂದ ಅಣ್ಣ. ನಾನೂ ಅದೇ ಮೆಟ್ಟಿಲಿಂದ ಬಿದ್ದೆ ಎಂದಳು ಕಿಡಿ. ಶಾಲೆಯಲ್ಲಿ ಮೇಷ್ಟರು ಕೇಳಿದಾಗಲೂ ಇಬ್ಬರೂ ಹೀಗೇ ಹೇಳುತ್ತಿದ್ದರು. ಆಗ ಅವರದು ಒಂದೂ ಮೆಟ್ಟಿಲಿಲ್ಲದ ಮನೆಯಾಗಿತ್ತು. ಪೊಲೀಸಿನವನು ಇಬ್ಬರ ಮುಖವನ್ನೂ ನೋಡಿ, ಗಾಜು ಒಡೆದವರನ್ನು ಹುಡುಕಲು ಹೋದ.

ಲಾಂಡ್ರಿಯಿಂದ ಅತ್ತಿಗೆ ಏಪ್ರನ್ನಿನಲ್ಲೇ ಓಡಿ ಬಂದಳು. ಗಂಡನ ಕೈ ನೋಡಿದಳು, ನಾದಿನಿಯ ಬಾಯಿ ನೋಡಿದಳು, ಇಬ್ಬರ ನಡುವೆ ಕೂತಳು. ಅಣ್ಣನ ಕೈಗೆ ಹಸಿ ಪ್ಲಾಸ್ಟರ್ ಸುತ್ತಿ ಒಣಗಲು ಬಿಟ್ಟಿದ್ದರು.

"ನಾನು ನಿಲ್ಲಿಸಿದ್ದೆ," ಎಂದ ಅಣ್ಣ, ಕಿಡಿಗೆ.

"ಗೊತ್ತು."

"ಗೊತ್ತಿದ್ದೂ ಹೊಡೆದೆಯಲ್ಲ?"

"ಹೊಡೀಬೇಕು ಅಂತ ಅಂದುಕೊಳ್ಳಲಿಲ್ಲ ಅಣ್ಣ. ಕೈ ತಾನಾಗೇ ಹೋಯ್ತು." "ಅದು ನಿನಗಲ್ಲ."

"ಯಾರಿಗೆ ಅಂತ ನನಗೂ ಗೊತ್ತು," ಎಂದ ಅಣ್ಣ. ಆಮೇಲೆ ಯಾರಿಗೆ ಹೇಳುತ್ತಿದ್ದೇನೆ ಎಂಬ ಪರಿವೆಯೂ ಇಲ್ಲದವನಂತೆ ಹೇಳಿದ: "ಆ ಪುಟ ನೋಡಿದಾಗ, ಇವನಿಗೆ ಯಾರು ಹೇಳಿದ್ರು ಅಂತ ಹೆದರಿಕೆ ಆಯ್ತು ಕಿಡಿ. ಮದುವೆಗೆ ಮುಂಚೆನೇ ನನಗೆ ಗೊತ್ತಿತ್ತು, ನನ್ನ ಕೈ ಅಪ್ಪನದು ಅಂತ. ಕೂಸು ಬಂದ್ರೆ ಇದು ಸುಮ್ನಿರಲ್ಲ. ಅದಕ್ಕೇ ಬೇರೆ ಊರಿಗೆ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಂದೆ. ಮಕ್ಕಳಾಗದ ಹಾಗೆ."

ನಡುವೆ ಕೂತವಳು ಅತ್ತಿಗೆ ಎಂಬುದು ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಹೊಳೆಯಿತು. ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಅವಳು ವರ್ಷಗಟ್ಟಲೆ ಡಾಕ್ಟರರ ಬಾಗಿಲಲ್ಲಿ ಕೂತಿದ್ದಳು. ಸೂಜಿ ಚುಚ್ಚಿಸಿಕೊಂಡಿದ್ದಳು, ಹೊಟ್ಟೆ ಕೊಯ್ಯಿಸಿಕೊಂಡು ನೋಡಿಸಿಕೊಂಡಿದ್ದಳು. ಬಂಧುಗಳ ಮಾತಿಗೆ ತಲೆ ತಗ್ಗಿಸಿದ್ದಳು. ಪ್ರತಿ ಸಲವೂ ಅವಳ ಕೈ ಹಿಡಿದು, ಇರಲಿ ಬಿಡು ಅಂದವನು ಇವನೇ.

ಅತ್ತಿಗೆ ಎದ್ದು ಗಂಡನ ಎದುರಿಗೆ ಬಂದು ನಿಂತಳು. ಅವನ ಹಸಿ ಪ್ಲಾಸ್ಟರಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಒಗೆದು ಹಿಂಡಿ ಗಟ್ಟಿಯಾದ ಕೈ ಅದು. ಅಣ್ಣ ಹಲ್ಲು ಕಚ್ಚಿ ನರಳಿದ, ಕೈ ಎಳೆದುಕೊಳ್ಳಲಿಲ್ಲ. ಅವಳು ಒತ್ತುತ್ತಲೇ ಇದ್ದಳು, ಅವನ ಹಣೆಯಿಂದ ಬೆವರು ಹನಿಯುವವರೆಗೆ. ಆಮೇಲೆ ಕೆನ್ನೆಗೆ ಹೊಡೆದಳು. ಒಂದು, ಇನ್ನೊಂದು, ಮತ್ತೊಂದು. ಕಾರಿಡಾರಿನಲ್ಲಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಕಿಡಿ ಎದ್ದು ಅವಳ ತೋಳು ಹಿಡಿಯಲು ಹೋದಳು.

"ನೀನು ಕೂತ್ಕೋ," ಎಂದಳು ಅತ್ತಿಗೆ. "ನಿಮ್ಮಪ್ಪ ನಿಮಗಿಬ್ಬರಿಗೆ ಹೊಡೆದ. ನನಗೇನು ಮಾಡಿದ್ದ ಅವನು? ನಾನು ಅವನ ಮುಖಾನೂ ನೋಡಿಲ್ಲ." ಗಂಡನ ಕಡೆ ತಿರುಗಿದಳು. "ಒಂದು ಮಾತು. ಕೈ ಹಿಡಿದು ಕೂತ್ಕೊಂಡು, ನನಗೆ ಹೆದರಿಕೆ ಕಣೇ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ನಿನಗೆ?"

ಅತ್ತಿಗೆ ಏಪ್ರನ್ ಬಿಚ್ಚಿ ಬೆಂಚಿನ ಮೇಲೆ ಬಿಸಾಡಿ, ಅಲ್ಲಿಂದಲೇ ತನ್ನ ತಂಗಿಯ ಮನೆಗೆ ಹೊರಟುಹೋದಳು.

ಅಣ್ಣನ ಕೈ ಕೂಡಿಕೊಳ್ಳುವವರೆಗೆ ಅಂಗಡಿ ಕಿಡಿಯದಾಯಿತು. ಸ್ಟೂಲಿನ ಮೇಲೆ ಕೂತು ಅವಳು ಮಚ್ಚು ಹಿಡಿದಳು. ಮೂಳೆಯ ಯಾವ ಕೀಲಿನ ಮೇಲೆ ಮಚ್ಚು ಇಳಿಸಬೇಕೆಂದು ಅವನು ಪಕ್ಕದಲ್ಲಿ ನಿಂತು ಹೇಳುತ್ತಿದ್ದ. ಮೊದಮೊದಲು ಅವಳು ಕೊಯ್ದ ಮಾಂಸ ನೋಡಿ ಗಿರಾಕಿಗಳು, ಈ ಪ್ರಾಣಿಯ ಮೇಲೆ ನಿನಗೇನು ಹಗೆಯಮ್ಮ ಎಂದು ಕೇಳುತ್ತಿದ್ದರು. ಬಳಗದವರು ಆ ಬೀದಿಗೆ ಬರುವುದನ್ನು ಬಿಟ್ಟರು. ಗಡ್ಡದ ಡ್ರೈವರ್ ಮಾತ್ರ ಒಮ್ಮೆ ಕುಂಟುತ್ತ ಬಂದು, ಅವಳ ಕೈಯಲ್ಲಿದ್ದ ಮಚ್ಚು ನೋಡಿ, ಏನೂ ಕೊಳ್ಳದೆ ವಾಪಸ್ಸಾದ.

ಆ ಬರಹಗಾರನನ್ನು ಕಂಪನಿ ಕೆಲಸದಿಂದ ತೆಗೆಯಿತು. ಗಲಾಟೆಯ ಸುದ್ದಿ ದೊಡ್ಡದಾಗಿತ್ತು, ಗೆದ್ದವರು ಅಭಿಮಾನಿಗಳೇ. ಹೊಸಬನೊಬ್ಬ ಬಂದು, ಮೊದಲ ಸಂಚಿಕೆಯಲ್ಲೇ ಮರುಪೆಟ್ಟುವನ್ನು ಹಾಸಿಗೆಯಿಂದ ಎಬ್ಬಿಸಿದ. ಮಗಳು, ನೀರಿನ ಲೋಟ, ಎತ್ತಿದ ಕೈ, ಎಲ್ಲವೂ ಖಳನಾಯಕ ಕಳಿಸಿದ ಕೆಟ್ಟ ಕನಸಂತೆ. ಅಣ್ಣ ಎಡಗೈಯಲ್ಲಿ ಪುಟ ತಿರುಗಿಸುತ್ತ ಪೂರ್ತಿ ಓದಿದ.

"ಕನಸಂತೆ," ಎಂದ ಕಿಡಿಗೆ.

"ಹೌದಂತೆ."

"ಹಾಗಾದ್ರೆ ಆ ಕೂಸು?"

"ಇರಲೇ ಇಲ್ಲವಂತೆ."

ಅಣ್ಣ ಪುಸ್ತಕ ಮಡಚಿ ಗಿರಾಕಿಯೊಬ್ಬರ ಮಾಂಸಕ್ಕೆ ಸುತ್ತಿಕೊಟ್ಟ. ಮುಂದಿನ ತಿಂಗಳು ಕೊಳ್ಳಲು ಹೋಗಲಿಲ್ಲ.

ಅತ್ತಿಗೆ ಒಂದು ಮಧ್ಯಾಹ್ನ ಬಂದಳು. ಕೈಯಲ್ಲಿ ಚೀಲವಿತ್ತು. ಅಂಗಡಿಯ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಅವನ ಪ್ಲಾಸ್ಟರ್ ತೆಗೆದಿದ್ದರು, ಮುಂಗೈ ಒಣ ಕಡ್ಡಿಯಂತಾಗಿತ್ತು. ಅವನು ಎದ್ದು ನಿಂತ.

"ಲಾಂಡ್ರಿ ಇಲ್ಲಿಂದ ಹತ್ತಿರ," ಎಂದಳು ಅತ್ತಿಗೆ. "ಅದಕ್ಕೆ ಬಂದೆ. ಕಿಡಿ ಮಲಗ್ತಾ ಇರೋ ಕೋಣೆ ನನಗೆ ಬೇಕು. ನೀನು ನಿನ್ನ ಕೋಣೆಲಿ ಇರು."

"ಆಯ್ತು," ಎಂದ ಅಣ್ಣ.

"ಮುಂದಿಂದು ಮುಂದೆ. ನಾನೇನೂ ಮಾತು ಕೊಡ್ತಿಲ್ಲ."

"ಆಯ್ತು."

ಆಸ್ಪತ್ರೆಯ ಆ ದಿನದಿಂದ ಅವಳು ಗಂಡನನ್ನು 'ನೀವು' ಎನ್ನುವುದನ್ನು ಬಿಟ್ಟಿದ್ದಳು. ಮತ್ತೆಂದೂ ಅನ್ನಲಿಲ್ಲ. ಕಿಡಿ ಸ್ಟೂಲಿನಿಂದ ಇಳಿದು ಮೇಲೆ ಹೋಗಿ ತನ್ನ ಬಟ್ಟೆ ಮಡಚತೊಡಗಿದಳು. ಕೆಲಸಕ್ಕೆ ಬಾ ಎಂದು ಹಡಗುಕಟ್ಟೆಯವರು ಎರಡು ಸಲ ಹೇಳಿ ಕಳಿಸಿದ್ದರು. ಕಾಲು ಊರಿದರೆ ಇನ್ನೂ ನೋಯುತ್ತಿತ್ತು, ಆದರೆ ಊರಲು ಬರುತ್ತಿತ್ತು.